ಅಂಗೈಯೊಳಗಿನ ನೀರುಗಂಟಿ

ಬಳ್ಳಾರಿಯಲ್ಲಿ ಇರುವುದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂದು ಜನರು ವಿನೋದವಾಗಿ ಹೇಳುವುದುಂಟು. ಏಪ್ರಿಲ್, ಮೇ ತಿಂಗಳುಗಳಲ್ಲಿ ಅಲ್ಲಿಯ ಬಿಸಿಲು 40 ಡಿಗ್ರಿ ಸೆಲ್ಸಿಯಸ್ಸನ್ನು ದಾಟುವುದು ಹೊಸತೇನಲ್ಲ. ಕೋಟೆಯ ಗುಡ್ಡದ ಬಂಡೆಗಳು ಹಗಲೆಲ್ಲ ಹೀರಿದ ಕಾವನ್ನು ಇರುಳಿನಲ್ಲಿ ಹೊರಚೆಲ್ಲುತ್ತವೆ. ಇಂಥ ಬಿಸಿಲಿನಲ್ಲಿ ಸಿರುಗುಪ್ಪದ ರೈತನೊಬ್ಬನು ಗದ್ದೆಯ ಬದುವಿನ ಮೇಲೆ ನಿಂತು, ಬೆಳೆ ಸಮೀಕ್ಷೆಗಾಗಿ ತನ್ನ ಸ್ಮಾರ್ಟ್‌ಫೋನಿನಲ್ಲಿ ಪೈರಿನ ಚಿತ್ರ ತೆಗೆಯುತ್ತಿದ್ದಾನೆ ಎಂದು ಭಾವಿಸೋಣ. ಫೋನು ಕಾಯುತ್ತದೆ, ತಡವರಿಸುತ್ತದೆ; ಕೆಲಸ ಮುಗಿಯುವ ಮೊದಲೇ ಬ್ಯಾಟರಿ ಬರಿದಾಗುತ್ತದೆ. ಕುರುಗೋಡಿನ ದೊಡ್ಡಬಸವೇಶ್ವರನ ಜಾತ್ರೆಗೆ ಹೋದ ಬಾಲಕನ ಫೋನೂ ತೇರು ಎಳೆಯುವ ಹೊತ್ತಿಗೆ ಸರಿಯಾಗಿ ಕಣ್ಣು ಮುಚ್ಚುತ್ತದೆ. ಮತ್ತೊಂದು ಫೋನನ್ನು ಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಇರುವುದನ್ನೇ ಇನ್ನೆರಡು ವರ್ಷ ಬಾಳಿಸುವ ದಾರಿಯುಂಟೆ? ಉಂಟು. ಅದನ್ನು ತಿಳಿಯಬೇಕಾದರೆ ಫೋನಿನ ಒಳಗೆ ನಡೆಯುವ ವ್ಯವಹಾರವನ್ನು ಅರಿಯಬೇಕು.

ಫೋನಿನ ಲೆಕ್ಕಾಚಾರವನ್ನೆಲ್ಲ ನಡೆಸುವ ಅಂಗವೇ ಪ್ರೊಸೆಸರ್. ಉಗುರಿನಗಲದ ಸಿಲಿಕಾನ್ ಬಿಲ್ಲೆಯಲ್ಲಿ ನೂರಾರು ಕೋಟಿ ಟ್ರಾನ್ಸಿಸ್ಟರುಗಳು ಅಡಗಿರುತ್ತವೆ. ಇವು ಪುಟ್ಟ ಸ್ವಿಚ್ಚುಗಳು. ಒಂದು ಗಡಿಯಾರದ ಮಿಡಿತಕ್ಕೆ ತಕ್ಕಂತೆ ಇವು ತೆರೆದು ಮುಚ್ಚುತ್ತವೆ. ಆ ಗಡಿಯಾರವು ಸೆಕೆಂಡಿಗೆ 200 ಕೋಟಿ ಸಲ ಮಿಡಿದರೆ ಪ್ರೊಸೆಸರಿನ ವೇಗ 2 ಗಿಗಾಹರ್ಟ್ಸ್ ಎನ್ನುತ್ತಾರೆ. ಸ್ವಿಚ್ಚು ತೆರೆದು ಮುಚ್ಚುವಾಗಲೆಲ್ಲ ಸ್ವಲ್ಪ ವಿದ್ಯುತ್ತು ವ್ಯಯವಾಗಿ ಶಾಖವಾಗುತ್ತದೆ. ಈ ವ್ಯಯವು ವೇಗಕ್ಕೆ ಅನುಗುಣವಾಗಿ ಏರುತ್ತದೆ. ಅಷ್ಟೇ ಅಲ್ಲ, ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿಯೂ ಏರುತ್ತದೆ. ವೇಗ ಹೆಚ್ಚಬೇಕಾದರೆ ವೋಲ್ಟೇಜನ್ನೂ ಹೆಚ್ಚಿಸಬೇಕಾಗುವುದರಿಂದ ಅವಸರದ ಬೆಲೆ ದುಬಾರಿಯಾಗುತ್ತದೆ.

ಒಂದು ಲೆಕ್ಕವನ್ನು ನೋಡೋಣ. ವೇಗವನ್ನೂ ವೋಲ್ಟೇಜನ್ನೂ ತಲಾ 20 ಶೇಕಡಾ ಇಳಿಸಿದರೆ, 0.8ನ್ನು ಮೂರು ಸಲ ಗುಣಿಸಿದಂತಾಗಿ, ಸ್ವಿಚ್ಚುಗಳು ಬಳಸುವ ವಿದ್ಯುತ್ತು ಮೊದಲಿನ 51 ಶೇಕಡಕ್ಕೆ ಇಳಿಯುತ್ತದೆ. ಅದೇ ಕೆಲಸಕ್ಕೆ ಕಾಲು ಪಾಲು ಹೆಚ್ಚು ಸಮಯ ಹಿಡಿಯುವುದು ನಿಜ. ಅದನ್ನು ಸೇರಿಸಿಕೊಂಡರೂ ಒಟ್ಟು ವ್ಯಯ 64 ಶೇಕಡಾ ಮಾತ್ರ. 5000 ಮಿಲಿಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಸುಮಾರು 19 ವಾಟ್-ಗಂಟೆಗಳ ಶಕ್ತಿಯಿರುತ್ತದೆ. ಫೋನು ಒಂದು ವಾಟಿನಂತೆ ಬಳಸಿದರೆ ಅದು 19 ಗಂಟೆ ಬರುತ್ತದೆ. ಮೂರು ವಾಟಿನಂತೆ ಬಳಸಿದರೆ ಆರು ಗಂಟೆಗೇ ಮುಗಿಯುತ್ತದೆ.

ಹಾಗಾದರೆ ಯಾವಾಗ ಎಷ್ಟು ವೇಗ ಬೇಕೆಂದು ತೀರ್ಮಾನಿಸುವವರು ಯಾರು? ಕನ್ನಡ ನಾಡಿನ ಕೆರೆಗಳಲ್ಲಿ ಹಿಂದೆ ನೀರುಗಂಟಿ ಎಂಬುವನಿದ್ದನು. ತೂಬನ್ನು ಎಷ್ಟು ತೆರೆಯಬೇಕು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು ಎಂಬುದನ್ನು ಅವನು ಪೈರಿನ ಸ್ಥಿತಿ ನೋಡಿ ನಿರ್ಧರಿಸುತ್ತಿದ್ದನು. ತೂಬು ಸದಾ ತೆರೆದಿದ್ದರೆ ಕೆರೆ ಬತ್ತುತ್ತದೆ, ಸದಾ ಮುಚ್ಚಿದ್ದರೆ ಪೈರು ಒಣಗುತ್ತದೆ. ತುಂಗಭದ್ರೆಯ ನೀರನ್ನು ನಂಬಿದವರಿಗೆ ಇದು ಹೊಸ ಪಾಠವಲ್ಲ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋದಾಗ, ಹತೋಟಿಯಿಲ್ಲದೆ ಹರಿಯುವ ನೀರು ಎಂಥ ನಷ್ಟವೆಂಬುದನ್ನು ಅವರು ಕಣ್ಣಾರೆ ಕಂಡರು.

ಫೋನಿನಲ್ಲಿಯೂ ಒಬ್ಬ ನೀರುಗಂಟಿಯಿದ್ದಾನೆ. ಆಂಡ್ರಾಯ್ಡ್ ಫೋನುಗಳ ತಂತ್ರಾಂಶಕ್ಕೆ ತಳಹದಿ ಲಿನಕ್ಸ್ ಎಂಬ ಕರ್ನೆಲ್. ಇದನ್ನು 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದನು. ಅದರಲ್ಲಿ ಪ್ರೊಸೆಸರಿನ ವೇಗವನ್ನು ಏರಿಸಿ ಇಳಿಸುವ ಭಾಗಕ್ಕೆ ಗವರ್ನರ್ ಎಂದು ಹೆಸರು. ‘ಪರ್ಫಾರ್ಮೆನ್ಸ್’ ಎಂಬ ಗವರ್ನರ್ ವೇಗವನ್ನು ಸದಾ ಗರಿಷ್ಠದಲ್ಲಿಡುತ್ತದೆ. ‘ಪವರ್‌ಸೇವ್’ ಸದಾ ಕನಿಷ್ಠದಲ್ಲಿಡುತ್ತದೆ. ‘ಆನ್‌ಡಿಮ್ಯಾಂಡ್’ ಕೆಲಸ ಹೆಚ್ಚಿದಾಗ ವೇಗವನ್ನು ಏರಿಸಿ, ಕಡಿಮೆಯಾದಾಗ ಇಳಿಸುತ್ತದೆ. ಕರ್ನೆಲ್ ಕೆಲಸವನ್ನು ಹಂಚುವಾಗಲೇ ಅದರ ಹೊರೆಯನ್ನು ಅಳೆದು ವೇಗವನ್ನು ನಿಗದಿಮಾಡುವ ‘ಶೆಡ್ಯುಟಿಲ್’ 2016ರಲ್ಲಿ ಸೇರಿತು.

ಅಂಗೈಯ ಯಂತ್ರದಲ್ಲಿ ಲಿನಕ್ಸನ್ನು ನಡೆಸುವ ಪ್ರಯತ್ನ ಕನ್ನಡ ನಾಡಿಗೂ ಅಪರಿಚಿತವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ವಿ. ವಿನಯ್, ರಮೇಶ್ ಹರಿಹರನ್ ಅವರೂ ಎನ್‌ಕೋರ್ ಸಂಸ್ಥೆಯ ಎಂಜಿನಿಯರುಗಳೂ ಕೂಡಿ ‘ಸಿಂಪ್ಯೂಟರ್’ ಎಂಬ ಕೈಗಣಕವನ್ನು ರೂಪಿಸಿದರು. 2001ರಲ್ಲಿ ಅದರ ಮಾದರಿಗಳು ಸಿದ್ಧವಾದವು. ಅದರ ಪ್ರೊಸೆಸರಿನ ವೇಗ 206 ಮೆಗಾಹರ್ಟ್ಸ್, ಅಂದರೆ ಇಂದಿನ ಸಾಧಾರಣ ಫೋನಿನ ಹತ್ತನೆಯ ಒಂದು ಪಾಲು. ಅಕ್ಷರ ಬಾರದ ಹಳ್ಳಿಗರಿಗೂ ನೆರವಾಗಬೇಕೆಂಬ ಆ ಯಂತ್ರ ಹೆಚ್ಚು ಕಾಲ ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ. ಆದರೂ ಅಲ್ಪ ಶಕ್ತಿಯಿಂದ ಉಪಯುಕ್ತ ಕೆಲಸ ಸಾಧ್ಯವೆಂಬುದನ್ನು ಅದು ತೋರಿಸಿಕೊಟ್ಟಿತು.

ಲಿನಕ್ಸಿನ ಮೂಲಬರಹ ಎಲ್ಲರಿಗೂ ತೆರೆದಿರುತ್ತದೆ. ಆದ್ದರಿಂದ ಆಸಕ್ತರು ಅದನ್ನು ತಿದ್ದಿ ತಮ್ಮದೇ ಕರ್ನೆಲ್ಲುಗಳನ್ನು ಸಿದ್ಧಪಡಿಸುತ್ತಾರೆ. 2009ರಲ್ಲಿ ಆರಂಭವಾದ ಸೈಯಾನೋಜೆನ್‌ಮಾಡ್ ಅಂಥ ತಂತ್ರಾಂಶಗಳಲ್ಲಿ ಹೆಸರಾಗಿತ್ತು. 2016ರ ಕೊನೆಗೆ ಅದು ನಿಂತಾಗ ಲಿನಿಯೇಜ್ ಓಎಸ್ ಅದರ ಜಾಗಕ್ಕೆ ಬಂದಿತು. ತಯಾರಕರು ಹೊಸ ತಂತ್ರಾಂಶ ಕೊಡುವುದನ್ನು ನಿಲ್ಲಿಸಿದ ಎಷ್ಟೋ ಹಳೆಯ ಫೋನುಗಳು ಇಂಥವುಗಳಿಂದ ಮರುಜೀವ ಪಡೆದಿವೆ. ಇವುಗಳ ಮೂಲಕ ವೇಗದ ಮೇಲಿನ ಮಿತಿಯನ್ನು ತಗ್ಗಿಸಬಹುದು, ಗವರ್ನರನ್ನು ಬದಲಿಸಬಹುದು, ಕೆಲವು ಫೋನುಗಳಲ್ಲಿ ವೋಲ್ಟೇಜನ್ನೂ ಇಳಿಸಬಹುದು.

ಆದರೆ ವೇಗವನ್ನು ತಗ್ಗಿಸಿದಷ್ಟೂ ಲಾಭವೆಂದು ತಿಳಿಯಬಾರದು. ಕೆಲಸ ನಿಧಾನವಾದರೆ ಅಷ್ಟು ಹೊತ್ತೂ ಪರದೆ ಬೆಳಗುತ್ತಿರಬೇಕು. ಉಳಿಸಿದ್ದು ಅಲ್ಲಿ ಖರ್ಚಾಗುತ್ತದೆ. ಚಿಕ್ಕ ಕೆಲಸವನ್ನು ಬೇಗ ಮುಗಿಸಿ ವಿಶ್ರಮಿಸುವುದೇ ಕೆಲವೊಮ್ಮೆ ಮಿತವ್ಯಯ. ವೋಲ್ಟೇಜನ್ನು ತೀರ ಇಳಿಸಿದರೆ ಲೆಕ್ಕ ತಪ್ಪಿ ಫೋನು ತಾನಾಗಿಯೇ ನಿಲ್ಲುತ್ತದೆ. ವೇಗವನ್ನು ತಯಾರಕರ ಮಿತಿಯಿಂದ ಮೇಲಕ್ಕೇರಿಸಿದರೆ ಕಾವು ಹೆಚ್ಚಿ ಬ್ಯಾಟರಿ ಬೇಗ ಮುಪ್ಪಾಗುತ್ತದೆ. ಲಿಥಿಯಂ ಅಯಾನ್ ಬ್ಯಾಟರಿಗೆ ಶಾಖವೇ ದೊಡ್ಡ ಶತ್ರು.

ಇದಲ್ಲದೆ, ತಂತ್ರಾಂಶವನ್ನು ಬದಲಿಸಲು ಫೋನಿನ ಬೀಗವನ್ನು ತೆರೆಯುವಾಗ ಅದರಲ್ಲಿರುವ ಚಿತ್ರಗಳೂ ಬರಹಗಳೂ ಸಾಮಾನ್ಯವಾಗಿ ಅಳಿಸಿಹೋಗುತ್ತವೆ. ವಾರಂಟಿ ತಪ್ಪಬಹುದು, ಬ್ಯಾಂಕಿನ ಆ್ಯಪ್‌ಗಳು ಕೆಲಸ ಮಾಡಲು ನಿರಾಕರಿಸಬಹುದು. ಒಂದು ಹೆಜ್ಜೆ ತಪ್ಪಿದರೆ ಫೋನು ಇಟ್ಟಿಗೆಯಂತೆ ಜಡವಾಗಬಹುದು. ಮನೆಗೆಲ್ಲ ಇರುವ ಒಂದೇ ಫೋನಿನ ಮೇಲೆ ಈ ಪ್ರಯೋಗ ತರವಲ್ಲ. ಫೋನಿನ ಸೆಟ್ಟಿಂಗ್ಸ್‌ನಲ್ಲಿರುವ ಬ್ಯಾಟರಿ ಉಳಿತಾಯದ ಏರ್ಪಾಡನ್ನು ಬಳಸುವುದು, ಪರದೆಯ ಬೆಳಕನ್ನು ತಗ್ಗಿಸುವುದು, ಬೇಡದ ಆ್ಯಪ್‌ಗಳನ್ನು ತೆಗೆಯುವುದು, ಬಿಸಿಲಿನಲ್ಲಿ ಚಾರ್ಜ್ ಮಾಡದೆ ನೆರಳಿನಲ್ಲಿಡುವುದು, ಇವು ಯಾರಾದರೂ ಮಾಡಬಹುದಾದ ಕೆಲಸಗಳು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದರು. ಗದ್ದೆಯ ಬದುವಿನ ಮೇಲೆ ನಿಂತ ರೈತನಿಗೆ ಜಗತ್ತಿನಲ್ಲೇ ವೇಗದ ಫೋನು ಬೇಕಿಲ್ಲ. ಸಂಜೆಯವರೆಗೆ ಜೊತೆಗಿರುವ ಫೋನು ಬೇಕು. ಕಾಲುವೆಯ ನೀರನ್ನು ಹದವರಿತು ಬಳಸಬಲ್ಲವನಿಗೆ ಅಂಗೈಯ ಯಂತ್ರದ ಹದವನ್ನು ಅರಿಯುವುದು ಕಷ್ಟವಲ್ಲ.

ಅಭ್ಯಾಸ

ಪದಗಳ ಅರ್ಥ: ತೂಬು – ಕೆರೆಯ ನೀರನ್ನು ಹೊರಬಿಡುವ ಕಂಡಿ, ಬದು – ಹೊಲಗದ್ದೆಗಳ ಅಂಚಿನ ಏರಿ, ಮಿತವ್ಯಯ – ಹಿತಮಿತವಾದ ಖರ್ಚು.

1. ಪ್ರೊಸೆಸರಿನ ವೇಗ ಹೆಚ್ಚಿದಂತೆ ಬ್ಯಾಟರಿ ಬೇಗ ಬರಿದಾಗಲು ಕಾರಣವೇನು?
2. ಗವರ್ನರನ್ನು ನೀರುಗಂಟಿಗೆ ಹೋಲಿಸಿರುವುದರ ಔಚಿತ್ಯವನ್ನು ವಿವರಿಸಿ.
3. ವೇಗವನ್ನೂ ವೋಲ್ಟೇಜನ್ನೂ ತಲಾ 10 ಶೇಕಡಾ ಇಳಿಸಿದರೆ ಸ್ವಿಚ್ಚುಗಳು ಬಳಸುವ ವಿದ್ಯುತ್ತು ಎಷ್ಟಾಗುತ್ತದೆ? ಲೆಕ್ಕ ಮಾಡಿ.