ಅಗಸಿ ಕಲ್ಲು, ಮುತ್ಯಾನ ಮಾತು

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಲ್ಲಿ ಅಗಸಿಯ ಪಕ್ಕದಲ್ಲೋ ಹನುಮಂತ ದೇವರ ಗುಡಿಯ ಮುಂದೋ ಎಷ್ಟೋ ಸಲ ಒಂದು ಹಳೆಯ ಕಲ್ಲು ಕಾಣುತ್ತದೆ. ಮೇಲೆ ಸೂರ್ಯ ಚಂದ್ರ, ಕೆಳಗೆ ಅಕ್ಷರದ ಸಾಲು. ಊರಿನ ಚರಿತ್ರೆ ಹುಡುಕುವವರು ಅಲ್ಲಿಂದಲೇ ಶುರು ಮಾಡಿ. ಕೈಯಲ್ಲಿ ಮೊಬೈಲ್ ಇದ್ದರೆ ಸಾಕು.

ನಡುಮಧ್ಯಾಹ್ನ ಫೋಟೊ ತೆಗೆಯಬೇಡಿ. ಬೆಳಗಿನ ಓರೆ ಬಿಸಿಲಿಗೆ ಕಾಯಿರಿ. ಸವೆದ ಗೆರೆಯಲ್ಲೂ ಆಗ ನೆರಳು ಕೂರುತ್ತದೆ. ರಾತ್ರಿ ಗೆಳೆಯನೊಬ್ಬ ಪಕ್ಕದಿಂದ ಟಾರ್ಚ್ ಹಿಡಿದರೂ ಆದೀತು. ಸೀಮೆಸುಣ್ಣ ಮಾತ್ರ ಬೇಡ, ಇಲ್ಲದ ಅಕ್ಷರವನ್ನು ನೀವೇ ಬರೆದುಬಿಡುತ್ತೀರಿ.

ಆಮೇಲೆ ಹಿರಿಯರನ್ನು ಕೇಳಿ: "ಮುತ್ಯಾ, ಈ ಕಲ್ಲ ಮೊದಲಿಂದ ಇಲ್ಲೇ ಅದ ಏನ್ರಿ?" ಒಪ್ಪಿದರೆ ಮಾತನ್ನು ರೆಕಾರ್ಡ್ ಮಾಡಿ. ಈ ಪ್ರಶ್ನೆ ಏಕೆಂದರೆ ಕಲ್ಲುಗಳು ಜಾಗ ಬದಲಿಸುತ್ತವೆ. ಪಕ್ಕದ ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಮಾಳಿಗೆ ಕುಸಿಯಿತು. ದೇವಿಯ ಪೀಠವಾಗಿದ್ದ ಕಲ್ಲನ್ನು ನೋಡಿದರೆ ಅಶೋಕನ ಶಾಸನ! ಮೂರ್ತಿ ಕೂರಿಸಲು ಯಾರೋ ನಡುವೆ ತೂತು ಕೊರೆದಿದ್ದರು.

ಕಲ್ಲನ್ನು ಆಗಲೇ ಯಾರಾದರೂ ಓದಿರಬಹುದು. ಹೊಸಬರು ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ ಹಳೆಯ ಸಂಪುಟಗಳನ್ನು ತಿರುವಿ, ತಮ್ಮೂರು ಸಿಗದೆ ಬೇಸರಪಡುತ್ತಾರೆ. ಅದು ಮೈಸೂರು ಸಂಸ್ಥಾನದ ಕೆಲಸ. ನಾವಿದ್ದದ್ದು ಹೈದರಾಬಾದ್ ನಿಜಾಮನ ಕೈಕೆಳಗೆ. ಅಲ್ಲಿ 1914ರಲ್ಲಿ ಗುಲಾಂ ಯಜ್ದಾನಿಯವರ ನೇತೃತ್ವದಲ್ಲಿ ಪುರಾತತ್ವ ಇಲಾಖೆ ಶುರುವಾಯಿತು. ಅದು ತಂದ ಹೈದರಾಬಾದ್ ಆರ್ಕಿಯಾಲಾಜಿಕಲ್ ಸೀರೀಸ್ ಹೊತ್ತಗೆಗಳನ್ನು ಇಂಟರ್ನೆಟ್ ಆರ್ಕೈವ್‌ನಲ್ಲಿ ಹುಡುಕಿ. ಊರ ಹೆಸರಿನ ಹಳೆಯ ರೂಪವನ್ನೂ ಹಾಕಿ ನೋಡಬೇಕು: ಚಾಲುಕ್ಯರ ಶಾಸನಗಳಲ್ಲಿ ಆಳಂದ 'ಅಲಂದೆ' ಆಗಿದೆ, ಸುತ್ತಲ ಸೀಮೆ 'ಅಲಂದೆ ಸಾಸಿರ'. ಚಾಳುಕ್ಯ ವಿಕ್ರಮ ವರ್ಷ ಎಂದಿದ್ದರೆ ಅದಕ್ಕೆ 1075 ಕೂಡಿಸಿ, ಹೆಚ್ಚುಕಡಿಮೆ ಇಸವಿ ಸಿಗುತ್ತದೆ. ಇಂಥ ಲೆಕ್ಕ ಮೊದಲ ಸಲ ಕೂಡಿಬಂದ ದಿನ ನಿದ್ದೆ ಬರುವುದಿಲ್ಲ, ನೋಡಿ.

ಇನ್ನು ಹಂಚುವ ಮಾತು. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಚಿತ್ರ ಕುಗ್ಗುತ್ತದೆ, ಅದರೊಳಗಿನ ಸ್ಥಳದ ಗುರುತೂ ಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ನೀವೇ ತೆಗೆದದ್ದನ್ನು ವಿಕಿಮೀಡಿಯಾ ಕಾಮನ್ಸ್‌ಗೆ ಏರಿಸಬಹುದು. ಊರು, ತಾಲ್ಲೂಕು, ಕಲ್ಲಿನ ಜಾಗ, ದಿನಾಂಕ ಬರೆಯದ ಫೋಟೊ ಮುಂದೆ ಯಾರಿಗೂ ಉಪಯೋಗಕ್ಕೆ ಬಾರದು. ಆದರೆ ಹೊಲದ ನಡುವೆ ಕಾವಲಿಲ್ಲದ ಮೂರ್ತಿಯಿದ್ದರೆ ಊರ ಹೆಸರಷ್ಟೇ ಸಾಕು. ಮೊಬೈಲು ತಾನಾಗಿ ಸೇರಿಸಿದ ಸ್ಥಳದ ಗುರುತನ್ನೂ ಅಳಿಸಿ. ನಿಧಿಗಳ್ಳರಿಗೂ ಮ್ಯಾಪ್ ಓದಲು ಬರುತ್ತದೆ.

ಮುತ್ಯಾನ ಮಾತಿನ ವಿಷಯ ಇನ್ನೂ ಸೂಕ್ಷ್ಮ. ಕಲ್ಲಿನ ಕಥೆ ಹೇಳುತ್ತ ಹೇಳುತ್ತ ಅವರು ನಿಜಾಮನ ಪರ ನಿಂತ ರಜಾಕಾರ ಪಡೆಯ ಕಾಲಕ್ಕೆ, 1948ಕ್ಕೆ ಹೋಗಿಬಿಡುತ್ತಾರೆ. ಯಾರು ಯಾರ ಮನೆಯಲ್ಲಿ ಅಡಗಿದರು, ಯಾರು ಸುಳಿವು ಕೊಟ್ಟರು, ಹೆಸರು ಹಿಡಿದೇ ಹೇಳುತ್ತಾರೆ. ಪೂರ್ತಿ ರೆಕಾರ್ಡ್ ಮಾಡಿ, ಜೋಪಾನವಾಗಿ ಇಡಿ. ಹಂಚುವ ಮೊದಲು ಅವರ ಮುಂದೆ ಕೂತು ಅದನ್ನು ಇನ್ನೊಮ್ಮೆ ಕೇಳಿಸಿ. ಯಾವುದು ಬೇಡವೆಂದು ಅವರೇ ಹೇಳಲಿ. ಆ ಹೆಸರಿನವರ ಮೊಮ್ಮಕ್ಕಳು ಇವತ್ತೂ ಅದೇ ಓಣಿಯಲ್ಲಿರಬಹುದು.