ಹೆದ್ದಾರಿಯ ಲಾರಿಯೂ ಹೊಲದ ಗಾಡಿಯೂ

ಮರಿಯಮ್ಮನಹಳ್ಳಿಯ ಸೀಮೆಯಲ್ಲಿ ಬೇಸಾಯ ಮಾಡುವವರಿಗೆ ಮಳೆ, ಬೀಜ, ಗೊಬ್ಬರ, ಬೆಲೆ ಇವುಗಳ ಚಿಂತೆಯ ಜೊತೆಗೆ ಒಳನಾಡಿನ ಗ್ರಾಮದವರಿಗೆ ಅಷ್ಟಾಗಿ ಇಲ್ಲದ ಇನ್ನೊಂದು ಚಿಂತೆ ಉಂಟು. ಅದು ಮನೆಗೂ ಹೊಲಕ್ಕೂ ನಡುವೆ ಹಾದುಹೋಗಿರುವ ಹೆದ್ದಾರಿ. ಚಿತ್ರದುರ್ಗದಿಂದ ಹೊಸಪೇಟೆಯ ಮೂಲಕ ವಿಜಯಪುರದ ಕಡೆಗೆ ಹೋಗುವ ಈ ರಸ್ತೆಯನ್ನು ಹಿಂದೆ ೧೩ನೆಯ ರಾಷ್ಟ್ರೀಯ ಹೆದ್ದಾರಿಯೆಂದು ಕರೆಯುತ್ತಿದ್ದರು. ಈಗ ಅದರ ಸಂಖ್ಯೆ ೫೦. ಸಂಡೂರಿನ ಬೆಟ್ಟಗಳ ಕಬ್ಬಿಣದ ಅದಿರನ್ನು ರೈಲ್ವೆ ನಿಲ್ದಾಣಗಳಿಗೂ, ತೋರಣಗಲ್ಲು, ಗಿಣಿಗೇರಾ ಮೊದಲಾದೆಡೆಯ ಕಾರ್ಖಾನೆಗಳಿಗೂ ಸಾಗಿಸುವ ಲಾರಿಗಳು ಈ ಸೀಮೆಯ ರಸ್ತೆಗಳನ್ನು ತುಂಬಿರುತ್ತವೆ. ೨೦೧೧ನೆಯ ಇಸವಿಯ ಜುಲೈ ತಿಂಗಳಿನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ರಸ್ತೆಗಳು ಕೆಲವು ಕಾಲ ಬರಿದಾಗಿದ್ದುದನ್ನು ಹಿರಿಯರು ಮರೆತಿರಲಾರರು. ಬಳಿಕ ಮಿತಿಗಳಿಗೊಳಪಟ್ಟು ಗಣಿಗಳು ಮತ್ತೆ ತೆರೆದವು; ಲಾರಿಗಳೂ ಮರಳಿ ಬಂದವು.

ಇತ್ತ ನಮ್ಮ ಗಾಡಿಗಳ ಓಡಾಟವೂ ಕಡಮೆಯಾಗಿಲ್ಲ. ಹೊಸಪೇಟೆಯ ಹಳೆಯ ಸಕ್ಕರೆ ಕಾರ್ಖಾನೆಯು ಮುಚ್ಚಿಹೋದ ಮೇಲೆ ಕಾಲುವೆಯ ಕೆಳಗಿನ ಕಬ್ಬು ದೂರದ ಕಾರ್ಖಾನೆಗಳಿಗೆ ಹೋಗಬೇಕಾಗಿದೆ. ಹಿಂದೆ ಊರೊಳಗಿನ ದಾರಿಯಲ್ಲೇ ಮುಗಿಯುತ್ತಿದ್ದ ಪಯಣವು ಈಗ ರಾತ್ರಿಯ ಹೊತ್ತು ಹೆದ್ದಾರಿಯ ಮೇಲೆ ಗಂಟೆಗಟ್ಟಲೆ ನಡೆಯುತ್ತದೆ. ೨೦೨೩ನೆಯ ಅಕ್ಟೋಬರ್ ತಿಂಗಳಿನಲ್ಲಿ ಹೊಸಪೇಟೆಯ ಸಮೀಪ ಇದೇ ಹೆದ್ದಾರಿಯಲ್ಲಿ ಗಣಿ ಲಾರಿಗಳ ಅಪಘಾತಕ್ಕೆ ಸಿಲುಕಿ, ದೇವಸ್ಥಾನಕ್ಕೆ ಹೋಗಿ ಹಿಂದಿರುಗುತ್ತಿದ್ದ ೭ ಮಂದಿ ಪ್ರಾಣ ಬಿಟ್ಟರು. ಅವರು ಮಾಡಿದ ತಪ್ಪಾದರೂ ಏನೂ ಇರಲಿಲ್ಲ. ಇಂಥ ವಾಹನಗಳ ಪಕ್ಕದಲ್ಲಿ ದಿನವೂ ನಡೆಯಬೇಕಾದವರು ಅವುಗಳ ಗುಣವನ್ನು, ಹೊಸ ಎತ್ತನ್ನು ಕೊಳ್ಳುವಾಗ ಅದರ ಸುಳಿಯನ್ನೂ ನಡಿಗೆಯನ್ನೂ ನೋಡುವಂತೆ, ಚೆನ್ನಾಗಿ ತಿಳಿದಿರುವುದು ಅವಶ್ಯಕ.

ಮೊದಲನೆಯದು ತೂಕ. ಹತ್ತು ಚಕ್ರದ ಲಾರಿಗೆ ಸರಕು ಸೇರಿ ಇರಬಹುದಾದ ಒಟ್ಟು ತೂಕವನ್ನು ಸರ್ಕಾರದವರು ೨೦೧೮ರಲ್ಲಿ ೨೫ ಟನ್ನಿನಿಂದ ೨೮.೫ ಟನ್ನಿಗೆ ಏರಿಸಿದರು. ತುಂಬಿದ ಎತ್ತಿನ ಗಾಡಿಯೊಂದು ಒಂದೂವರೆ ಟನ್ನು ತೂಗುವುದೆಂದಿಟ್ಟುಕೊಂಡರೆ, ಇದು ೧೯ ಗಾಡಿಗಳು ಒಂದಾಗಿ ಓಡಿ ಬಂದಂತೆ. ಇಲ್ಲಿ ಅನೇಕರು ಮೋಸಹೋಗುವ ಸಂಗತಿಯೊಂದುಂಟು. ಒಂದು ಘನ ಮೀಟರು ಮೆಕ್ಕೆಜೋಳವು ಸುಮಾರು ಮುಕ್ಕಾಲು ಟನ್ನು ತೂಗಿದರೆ, ಅಷ್ಟೇ ಸ್ಥಳದ ಅದಿರು ಎರಡು ಟನ್ನಿಗಿಂತಲೂ ಹೆಚ್ಚು ತೂಗುತ್ತದೆ. ಆದಕಾರಣ ಅದಿರಿನ ಲಾರಿಯ ತೊಟ್ಟಿಯು ಅರ್ಧ ಖಾಲಿಯಿದ್ದಂತೆ ಕಂಡರೂ ಅದು ಪೂರ್ಣ ಹೇರಿನ ಲಾರಿಯೇ. ಹುಲ್ಲಿನ ಲಾರಿಯು ಬೆಟ್ಟದಂತೆ ಕಾಣುತ್ತದೆ, ಹಗುರವಾಗಿರುತ್ತದೆ. ಅದಿರಿನದು ಹಗುರವಾಗಿ ಕಾಣುತ್ತದೆ, ಬೆಟ್ಟದ ತುಂಡನ್ನೇ ಹೊತ್ತಿರುತ್ತದೆ.

ಗಂಟೆಗೆ ೬೦ ಕಿಲೋಮೀಟರು ವೇಗದ ಲಾರಿಯು ಒಂದು ಸೆಕೆಂಡಿಗೆ ಸುಮಾರು ೧೭ ಮೀಟರು ಸಾಗುತ್ತದೆ. ಡ್ರೈವರು ಅಡ್ಡ ಬಂದುದನ್ನು ಕಂಡು, ಕಾಲೂರಿ, ಬ್ರೇಕಿನ ಗಾಳಿಯು ಚಕ್ರಕ್ಕೆ ಮುಟ್ಟುವುದರೊಳಗೆ ಒಂದೂವರೆ ಸೆಕೆಂಡಾದರೂ ಕಳೆದಿರುತ್ತದೆ. ಎಲ್ಲವೂ ಸರಿಯಿದ್ದಾಗಲೂ ಲಾರಿ ನಿಲ್ಲುವ ಹೊತ್ತಿಗೆ ಸುಮಾರು ೬೦ ಮೀಟರು ಆಗಿರುವುದು. ವೇಗವು ೮೦ ಆದರೆ ೯೦ರಿಂದ ೧೦೦ ಮೀಟರು. ಬ್ರೇಕು ಸವೆದಿದ್ದರೆ, ಮಳೆ ಬಿದ್ದಿದ್ದರೆ, ಇಳಿಜಾರಾಗಿದ್ದರೆ ಇನ್ನೂ ದೂರ. ಹೀಗಿರುವಲ್ಲಿ ಕೈಯೆತ್ತಿ ನಿಲ್ಲಿಸಬಹುದೆಂದು ನಂಬಿ ರಸ್ತೆಗೆ ಇಳಿಯುವುದು ಸರಿಯಲ್ಲ. ಡ್ರೈವರಿಗೆ ದಯೆಯಿದ್ದರೂ ಲಾರಿಗೆ ಶಕ್ತಿಯಿಲ್ಲ. ಇದರ ಜೊತೆಗೆ ದೊಡ್ಡ ವಸ್ತುವು ದೂರದಿಂದ ನಿಧಾನವಾಗಿ ಬರುತ್ತಿರುವಂತೆ ಕಣ್ಣಿಗೆ ತೋರುವುದುಂಟು. ರೈಲ್ವೆ ಗೇಟಿನ ಬಳಿ ಜನರು ಮೋಸಹೋಗುವುದಕ್ಕೂ ಇದೇ ಕಾರಣ.

ಎರಡನೆಯದು ದೃಷ್ಟಿ. ಎತ್ತರದಲ್ಲಿ ಕುಳಿತವನಿಗೆ ಎಲ್ಲವೂ ಕಾಣುವುದೆಂಬ ನಂಬಿಕೆ ತಪ್ಪು. ಲಾರಿಯ ಮೂತಿಗೆ ತೀರ ಹತ್ತಿರ ನಿಂತ ಹುಡುಗನಾಗಲಿ ಕುರಿಯಾಗಲಿ ಡ್ರೈವರಿಗೆ ಕಾಣುವುದಿಲ್ಲ. ಬೆನ್ನ ಹಿಂದೆ ಅಂಟಿಕೊಂಡು ಬರುವ ಮೋಟಾರು ಸೈಕಲ್ಲೂ ಕಾಣುವುದಿಲ್ಲ. ಅವನು ಬಲಗಡೆ ಕುಳಿತಿರುವುದರಿಂದ ಎಡಮಗ್ಗುಲಿನಲ್ಲಿ ಕಾಣದ ಜಾಗವು ಎಲ್ಲಕ್ಕಿಂತ ದೊಡ್ಡದು. ನಮ್ಮ ಹುಡುಗರು ನುಗ್ಗುವುದೂ ಅಲ್ಲಿಯೇ. ಲಾರಿಯ ಕನ್ನಡಿಯಲ್ಲಿ ಡ್ರೈವರನ ಮುಖವು ನಿಮಗೆ ಕಾಣದಿದ್ದರೆ ಅವನಿಗೂ ನೀವು ಕಾಣುತ್ತಿಲ್ಲವೆಂದು ತಿಳಿಯತಕ್ಕದ್ದು. ಊರಲ್ಲಿ ಲಾರಿ ಇಟ್ಟುಕೊಂಡವರು ಯಾರಾದರೂ ಇದ್ದೇ ಇರುತ್ತಾರೆ. ಒಂದು ಬಿಡುವಿನ ದಿನ ಅದನ್ನು ಬಯಲಿನಲ್ಲಿ ನಿಲ್ಲಿಸಿ, ಶಾಲೆಯ ಮಕ್ಕಳನ್ನೂ ಕುರಿಗಾಹಿಗಳನ್ನೂ ಒಬ್ಬೊಬ್ಬರಾಗಿ ಡ್ರೈವರನ ಸ್ಥಾನದಲ್ಲಿ ಕೂರಿಸಿ, ಸುತ್ತಲೂ ಜನರನ್ನು ನಿಲ್ಲಿಸಿ, ಎಷ್ಟು ಮಂದಿ ಕಾಣುವರೆಂದು ಎಣಿಸಿಸಿರಿ. ಹತ್ತು ಉಪನ್ಯಾಸಗಳಿಗಿಂತ ಇದೊಂದು ಹೆಚ್ಚು ಕಲಿಸುತ್ತದೆ.

ತಿರುವಿನ ವಿಷಯವನ್ನು ಟ್ರ್ಯಾಕ್ಟರು ನಡೆಸುವವರಿಗೆ ವಿವರಿಸಬೇಕಾಗಿಲ್ಲ. ಎರಡು ಟ್ರೇಲರು ಕಟ್ಟಿಕೊಂಡು ಹೊಲಕ್ಕೆ ತಿರುಗುವಾಗ ಹಿಂದಿನ ಚಕ್ರವು ಬದುವನ್ನು ಹತ್ತುವುದನ್ನು ಅವರು ಬಲ್ಲರು. ಉದ್ದದ ಲಾರಿಯೂ ಹಾಗೆಯೇ. ಎಡಕ್ಕೆ ತಿರುಗಬೇಕಾದಾಗ ಮೊದಲು ಬಲಕ್ಕೆ ಸರಿಯುತ್ತದೆ. ಆ ತೆರಪನ್ನು ನಮಗಾಗಿ ಬಿಟ್ಟದ್ದೆಂದು ಭಾವಿಸಿ ಒಳಹೊಕ್ಕವನ ಮೇಲೆ ಹಿಂದಿನ ಚಕ್ರಗಳು ಬರುತ್ತವೆ. ಹಂಪಿಗೆ ಬರುವ ಉದ್ದನೆಯ ಪ್ರವಾಸಿ ಬಸ್ಸುಗಳಿಗೂ, ಒಳಗೆ ಅಡಿಗೆಮನೆ ಹಾಸಿಗೆಗಳನ್ನು ಕಟ್ಟಿಕೊಂಡು ಬರುವ ಕ್ಯಾರವಾನ್ ವಾಹನಗಳಿಗೂ ಇದು ಅನ್ವಯಿಸುತ್ತದೆ. ಅಂಥ ವಾಹನ ನಡೆಸುವವರಲ್ಲಿ ಕೆಲವರು ಮನೆಯಲ್ಲಿ ಸಣ್ಣ ಕಾರು ಓಡಿಸಿ ಅಭ್ಯಾಸವಾದವರು. ತಮ್ಮ ಹಿಂದೆ ಎಷ್ಟು ಉದ್ದವಿದೆಯೆಂಬುದನ್ನು ಅವರೇ ಮರೆತಿರಬಹುದು. ಆದ್ದರಿಂದ ಅವರಿಗೆ ಲಾರಿಗಿಂತಲೂ ಹೆಚ್ಚು ಎಡೆ ಬಿಡುವುದು ಲೇಸು.

ಈಗ ಮುಖ್ಯ ವಿಷಯಕ್ಕೆ ಬರೋಣ. ಹೆದ್ದಾರಿಯನ್ನು ದಾಟುವ ರೈತನು ಸಾಮಾನ್ಯವಾಗಿ ಅಂದಾಜಿನಿಂದ ದಾಟುತ್ತಾನೆ. ಅಂದಾಜನ್ನು ಬಿಟ್ಟು ಎಣಿಕೆಯಿಂದ ದಾಟಬೇಕು ಎಂಬುದೇ ಈ ಲೇಖನದ ಉದ್ದೇಶ. ನಾಲ್ಕು ಪಥದ ಹೆದ್ದಾರಿಯ ಒಂದು ಮಗ್ಗುಲು ಅಂಚೂ ಸೇರಿ ಸುಮಾರು ಎಂಟೂವರೆ ಮೀಟರು ಅಗಲವಿರುತ್ತದೆ. ಎತ್ತು ಸಹಿತ ಗಾಡಿಯ ಉದ್ದ ೬ ಮೀಟರೆಂದರೆ, ಎತ್ತಿನ ಮೂತಿ ರಸ್ತೆಗೆ ತಾಕಿದಂದಿನಿಂದ ಗಾಡಿಯ ಹಿಂಭಾಗವು ಆಚೆ ಸೇರುವವರೆಗೆ ಹದಿನಾಲ್ಕೂವರೆ ಮೀಟರು ನಡೆಯಬೇಕು. ಎತ್ತಿನ ನಡಿಗೆ ಸೆಕೆಂಡಿಗೆ ಒಂದು ಮೀಟರು. ಹಿಡಿಯುವ ಕಾಲ ೧೫ ಸೆಕೆಂಡು. ಎರಡು ಟ್ರೇಲರು ಕಬ್ಬಿನ ಟ್ರ್ಯಾಕ್ಟರು ೧೫ ಮೀಟರು ಉದ್ದವಿದ್ದು, ನಿಂತಲ್ಲಿಂದ ಹೊರಡುವಾಗ ಸೆಕೆಂಡಿಗೆ ಒಂದೂವರೆ ಮೀಟರಿಗಿಂತ ಸ್ವಲ್ಪ ಕಡಮೆಯೇ ಸಾಗುವುದರಿಂದ, ಅದಕ್ಕೆ ೧೭ ಸೆಕೆಂಡು ಬೇಕು. ಅಷ್ಟರಲ್ಲಿ ೮೦ರ ವೇಗದ ಲಾರಿ ಸುಮಾರು ೩೮೦ ಮೀಟರು ಬಂದಿರುತ್ತದೆ.

ಇದು ಅರ್ಧ ರಸ್ತೆಯ ಲೆಕ್ಕ ಮಾತ್ರ. ಮೋಟಾರು ಸೈಕಲ್ಲಿನವನು ಅರ್ಧ ದಾಟಿ, ಡಿವೈಡರಿನ ತೆರಪಿನಲ್ಲಿ ನಿಂತು, ಮಿಕ್ಕರ್ಧವನ್ನು ನೋಡಿ ದಾಟಬಹುದು. ಹದಿನೈದು ಮೀಟರಿನ ಟ್ರ್ಯಾಕ್ಟರು ನಾಲ್ಕೈದು ಮೀಟರಿನ ಆ ತೆರಪಿನಲ್ಲಿ ನಿಂತರೆ ಅದರ ಬಾಲವೆಲ್ಲವೂ ಹಿಂದಿನ ಮಗ್ಗುಲಿಗೆ ಅಡ್ಡವಾಗಿಯೇ ಇರುತ್ತದೆ. ಆದಕಾರಣ ಉದ್ದದ ಗಾಡಿಯು ಎರಡು ಮಗ್ಗುಲನ್ನೂ ಒಂದೇ ಉಸಿರಿಗೆ ದಾಟತಕ್ಕದ್ದು. ಅದಕ್ಕೆ ೨೬ ಸೆಕೆಂಡು. ಲಾರಿಯ ಲೆಕ್ಕದಲ್ಲಿ ೫೮೦ ಮೀಟರು.

ಇದನ್ನು ಅಳೆಯುವುದಕ್ಕೆ ಹಗ್ಗವೂ ಸರಪಣಿಯೂ ಬೇಡ. ಹೆದ್ದಾರಿಯ ಪಕ್ಕದಲ್ಲಿ ಕಿಲೋಮೀಟರಿನ ಕಲ್ಲುಗಳ ನಡುವೆ ೨೦೦ ಮೀಟರಿಗೊಂದರಂತೆ ಸಣ್ಣ ಕಲ್ಲುಗಳನ್ನು ನೆಟ್ಟಿರುತ್ತಾರೆ. ನಿಮ್ಮ ಊರಿನವರು ದಾಟುವ ಸ್ಥಳದಿಂದ ಬಲಗಡೆಗೆ ಎರಡು ಕಲ್ಲಿನ ದೂರವನ್ನೂ, ಎಡಗಡೆಗೆ ಮೂರು ಕಲ್ಲಿನ ದೂರವನ್ನೂ ಎಣಿಸಿಕೊಳ್ಳಿರಿ. ಹತ್ತಿರದ ಮಗ್ಗುಲಿನ ಲಾರಿಗಳು ಬಲದಿಂದಲೂ ಆಚೆಯ ಮಗ್ಗುಲಿನವು ಎಡದಿಂದಲೂ ಬರುವುದರಿಂದ ಈ ವ್ಯತ್ಯಾಸ. ಹಿಂತಿರುಗಿ ಬರುವಾಗಲೂ ಬಲಕ್ಕೆ ಎರಡು, ಎಡಕ್ಕೆ ಮೂರೆಂಬ ಲೆಕ್ಕವೇ ನಿಲ್ಲುತ್ತದೆ. ಆ ದೂರಗಳಲ್ಲಿ ಯಾರದಾದರೂ ಹೊಲದ ಬದುವಿನಲ್ಲಿ ಬಿಳಿಯ ಬಟ್ಟೆ ಕಟ್ಟಿದ ಗಳುವೊಂದನ್ನು ನೆಡಿಸಿರಿ. ಗಳುವಿನೊಳಗೆ ಲಾರಿ ಇದ್ದರೆ ಗಾಡಿ ನಿಲ್ಲಬೇಕು, ಇಲ್ಲದಿದ್ದರೆ ಹೊರಡಬಹುದು. ಲಾರಿಯು ಒಂದು ಕಲ್ಲಿನಿಂದ ಮುಂದಿನ ಕಲ್ಲಿಗೆ ಬರುವುದನ್ನೂ ಎಣಿಸಿ ನೋಡಿರಿ: ೧೨ ಸೆಕೆಂಡಾದರೆ ವೇಗ ೬೦, ೯ ಆದರೆ ೮೦. ಗಳುವೇ ಕಾಣದಷ್ಟು ತಿರುವೋ ಏರೋ ಇರುವ ಸ್ಥಳವು ಉದ್ದದ ಗಾಡಿ ದಾಟುವುದಕ್ಕೆ ಯೋಗ್ಯವಲ್ಲವೆಂದು ಅಂದೇ ನಿಶ್ಚಯಿಸಬೇಕು. ದಾಟುವ ತೆರಪು ದೂರವಾಯಿತೆಂದು ಡಿವೈಡರನ್ನು ಒಡೆಯುವುದೂ, ಎದುರು ದಿಕ್ಕಿನಲ್ಲಿ ಗಾಡಿ ಹೊಡೆಯುವುದೂ ಈಗ ರೂಢಿಯಾಗಿದೆ. ಹೊಲವನ್ನೂ ಊರನ್ನೂ ಸೀಳಿ ರಸ್ತೆ ಮಾಡಿದವರದೂ ಇದರಲ್ಲಿ ಒಂದು ಪಾಲಿದೆಯೆಂದು ಒಪ್ಪಬೇಕು. ಸರ್ವಿಸ್ ರಸ್ತೆ, ಅಂಡರ್‌ಪಾಸುಗಳಿಗಾಗಿ ಊರವರು ಒಟ್ಟಾಗಿ, ದಾಟುವ ಗಾಡಿ ದನಕರುಗಳ ಎಣಿಕೆಯನ್ನು ಬರೆದು, ಹೆದ್ದಾರಿ ಪ್ರಾಧಿಕಾರಕ್ಕೂ ಜಿಲ್ಲಾಧಿಕಾರಿಗಳಿಗೂ ಅರ್ಜಿ ಕೊಡುವುದು ಹಿರಿಯರ ಕೆಲಸ. ಆದರೆ ಎದುರು ಬರುವ ಲಾರಿಯು ಆ ನ್ಯಾಯವನ್ನು ವಿಚಾರಿಸುವುದಿಲ್ಲ.

ರಾತ್ರಿಯ ಮಾತು. ಹಿಂದೆ ಗಾಡಿಯ ಅಚ್ಚಿನ ಕೆಳಗೆ ಲಾಂದ್ರ ತೂಗುಹಾಕುವ ಪದ್ಧತಿಯಿತ್ತು. ಅದು ಹೋಯಿತು, ಅದರ ಸ್ಥಾನದಲ್ಲಿ ಬರಬೇಕಾದ ಹೊಳೆಯುವ ಪಟ್ಟಿಯು ಎಲ್ಲ ಗಾಡಿಗಳಿಗೂ ಬರಲಿಲ್ಲ. ಮುಂದೆ ಬಿಳಿ, ಮಗ್ಗುಲಿಗೆ ಹಳದಿ, ಹಿಂದೆ ಕೆಂಪು ಎಂಬುದು ಕ್ರಮ. ಪಟ್ಟಿ ಅಂಟಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ನಮ್ಮ ಸೀಮೆಯ ಕೆಂಪು ಧೂಳು ಕೆಲವೇ ದಿನಗಳಲ್ಲಿ ಅದನ್ನು ಮುಚ್ಚುತ್ತದೆ. ಹೊರಡುವ ಮುನ್ನ ಒದ್ದೆ ಬಟ್ಟೆಯಿಂದ ಒರಸುವುದನ್ನು ಆಳುಗಳಿಗೆ ಅಭ್ಯಾಸ ಮಾಡಿಸಿರಿ. ಹಿಂದಕ್ಕೆ ಜೋಲುವ ಕಬ್ಬಿನ ಸೋಗೆಯು ಟ್ರೇಲರಿನ ದೀಪವನ್ನೂ ಪಟ್ಟಿಯನ್ನೂ ಮರೆಮಾಡುವುದರಿಂದ, ಪಟ್ಟಿ ಅಂಟಿಸಿದ ಹಲಗೆಯೊಂದನ್ನು ಹೇರಿನ ಕಟ್ಟಕಡೆಯ ತುದಿಗೆ ಕಟ್ಟತಕ್ಕದ್ದು. ಗಾಡಿ ಕೆಟ್ಟು ನಿಂತರೆ ಆದಷ್ಟು ಮಣ್ಣಿನ ಅಂಚಿಗೆ ಇಳಿಸಿ, ೫೦ ಮೀಟರಾದರೂ ಹಿಂದೆ ಗುರುತು ಇಡಬೇಕು. ಚಕ್ರಕ್ಕೆ ಕೊಟ್ಟ ಕಲ್ಲುಗಳನ್ನು ರಸ್ತೆಯಲ್ಲೇ ಬಿಟ್ಟು ಹೋಗುವವನು ಮುಂದೆ ಬರುವ ಮೋಟಾರು ಸೈಕಲ್ಲಿನವನಿಗೆ ಗುಂಡಿ ತೋಡಿದಂತೆ.

ರಸ್ತೆಯ ಮೇಲೆ ಮೆಕ್ಕೆಜೋಳ ಒಣಗಿಸುವುದೂ, ರಾಗಿ ಹುರುಳಿಗಳನ್ನು ಚಕ್ರಕ್ಕೆ ಹಾಕಿ ಒಕ್ಕುವುದೂ ನಿಲ್ಲಬೇಕು. ಕಾಳಿನ ಮೇಲೆ ಎರಡು ಚಕ್ರದ ವಾಹನ ಜಾರುತ್ತದೆ. ರಾಶಿಯನ್ನು ತಪ್ಪಿಸಲು ಲಾರಿ ಪಕ್ಕಕ್ಕೆ ಹೊರಳುತ್ತದೆ. ಹುರುಳಿಯ ಸೊಪ್ಪು ಕಾರಿನ ತಳಕ್ಕೆ ಸುತ್ತಿಕೊಂಡು ಬೆಂಕಿ ಹೊತ್ತಿದ ಪ್ರಸಂಗಗಳೂ ನಮ್ಮ ರಾಜ್ಯದಲ್ಲಿ ನಡೆದಿವೆ. ಗ್ರಾಮ ಪಂಚಾಯಿತಿಯ ಮೂಲಕ ಒಕ್ಕಣೆ ಕಣ ಕಟ್ಟಿಸಿಕೊಂಡ ಊರುಗಳಿವೆ. ಕಣಕ್ಕೆ ಹತ್ತು ಸೆಂಟು ಜಾಗ ಬಿಟ್ಟುಕೊಡುವ ಮನಸ್ಸು ಜಮೀನುದಾರರಿಗೆ ಬಂದರೆ ಮಿಕ್ಕದ್ದು ಕಷ್ಟವಲ್ಲ.

ಭೂಮಾಲೀಕರ ಮೇಲಿರುವ ಇನ್ನೊಂದು ಹೊಣೆಯನ್ನು ಮುಚ್ಚಿಡದೆ ಹೇಳಬೇಕು. ಕಳೆ ತೆಗೆಯುವುದಕ್ಕೂ ಕೊಯ್ಲಿಗೂ ಹೆಣ್ಣಾಳುಗಳನ್ನು ಟ್ರೇಲರಿನಲ್ಲಿ ತುಂಬಿ ಹೆದ್ದಾರಿಯ ಮೇಲೆ ಕರೆದೊಯ್ಯುವುದು ಕಾನೂನಿಗೆ ವಿರುದ್ಧ. ಹೇರು ಹೊರುವ ಗಾಡಿಗೆ ಮಾಡಿಸಿದ ವಿಮೆಯಿಂದ ಆ ಜನರಿಗೆ ಹಣ ದೊರೆಯದೆ ಹೋಗಬಹುದು. ಆಗ ಪರಿಹಾರದ ಭಾರವು ಮಾಲೀಕನ ಹೊಲದ ಮೇಲೆಯೇ ಬಂದು ಬೀಳುತ್ತದೆ. ಬಾಡಿಗೆ ವಾಹನದ ಖರ್ಚನ್ನು ಕೂಲಿಯ ಲೆಕ್ಕದಲ್ಲಿ ಸೇರಿಸಿಕೊಳ್ಳುವುದೇ ಸರಿಯಾದ ದಾರಿ.

ಅಪಘಾತವಾದರೆ ಪೊಲೀಸರಿಗೆ ೧೧೨, ಆಂಬುಲೆನ್ಸಿಗೆ ೧೦೮, ರಾಷ್ಟ್ರೀಯ ಹೆದ್ದಾರಿಯ ಸಹಾಯಕ್ಕೆ ೧೦೩೩ ಎಂಬ ಸಂಖ್ಯೆಗಳಿಗೆ ಫೋನು ಮಾಡಬೇಕು. ಇವನ್ನು ದಾಟುವ ಸ್ಥಳದ ಹತ್ತಿರದ ಗೋಡೆಯ ಮೇಲೆ ಬರೆಯಿಸಿರಿ. ಗಾಯಗೊಂಡವನನ್ನು ಆಸ್ಪತ್ರೆಗೆ ಸೇರಿಸಿದವನನ್ನು ಸಾಕ್ಷಿಯಾಗೆಂದು ಬಲಾತ್ಕರಿಸಲು ೨೦೧೯ರ ಮೋಟಾರು ವಾಹನ ತಿದ್ದುಪಡಿಯ ಬಳಿಕ ಅವಕಾಶವಿಲ್ಲ. ಈ ಭಯದಿಂದ ನೋಡಿಯೂ ನೋಡದಂತೆ ಹೋಗುವವರಿಗೆ ಇದನ್ನು ತಿಳಿಸಿರಿ. ಡಿಕ್ಕಿ ಹೊಡೆದು ಓಡಿಹೋದ ವಾಹನವು ಪತ್ತೆಯಾಗದಿದ್ದರೂ ಪರಿಹಾರವುಂಟು. ೨೦೨೨ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಯೋಜನೆಯಂತೆ ಮೃತನ ಕುಟುಂಬಕ್ಕೆ ೨ ಲಕ್ಷ ರೂಪಾಯಿ, ತೀವ್ರವಾಗಿ ಗಾಯಗೊಂಡವನಿಗೆ ೫೦,೦೦೦ ರೂಪಾಯಿ ಸಲ್ಲುತ್ತದೆ. ಇದಕ್ಕಾಗಿ ಪೊಲೀಸ್ ದೂರಿನ ಪ್ರತಿಯನ್ನೂ ಆಸ್ಪತ್ರೆಯ ಕಾಗದಗಳನ್ನೂ ಜೋಪಾನವಾಗಿ ಇಟ್ಟುಕೊಂಡು ತಾಲ್ಲೂಕು ಕಚೇರಿಯಲ್ಲಿ ವಿಚಾರಿಸತಕ್ಕದ್ದು. ಓದುಬರಹ ಬಾರದ ಮನೆಯವರಿಗೆ ಊರಿನ ಹಿರಿಯರೊಬ್ಬರು ಜೊತೆಗೆ ಹೋಗಿ ಅರ್ಜಿಯನ್ನು ಬರೆದುಕೊಡಬೇಕು.