ಹಸಿ ಹೊಗೆಸೊಪ್ಪಿನ ಕಾಯಿಲೆ

ಹುಣಸೂರು, ಪಿರಿಯಾಪಟ್ಟಣದ ಕಡೆ ಮಳೆಗಾಲದಲ್ಲಿ ಹೊಗೆಸೊಪ್ಪು ಮುರಿಯಲು ಹೋದವರಿಗೆ ಸಂಜೆ ತಲೆಸುತ್ತು, ವಾಂತಿ ಬರುತ್ತೆ. 'ಪಿತ್ತ ಆಗಿದೆ' ಅಂತ ಸುಮ್ಮನಾಗ್ತೀರಿ. ಅದು ಪಿತ್ತವಲ್ಲ. ಎಲೆಯಲ್ಲಿರುವ ನಿಕೋಟಿನ್ ಎಂಬ ವಿಷ ಇಬ್ಬನಿ, ಮಳೆನೀರು, ಬೆವರಿನಲ್ಲಿ ಕರಗಿ ಚರ್ಮದ ಮೂಲಕ ರಕ್ತ ಸೇರುತ್ತದೆ. ಬೀಡಿ ಸೇದುವ ಗಂಡಸಿಗಿಂತ ಬೀಡಿ ಮುಟ್ಟದ ಹೆಂಗಸಿಗೇ ಬಾಧೆ ಹೆಚ್ಚು, ಅವಳ ಮೈಗೆ ಅದರ ಅಭ್ಯಾಸವಿಲ್ಲವಲ್ಲ!

ಒದ್ದೆ ಬಟ್ಟೆ ಬದಲಿಸಿ, ಕೈಗೆ ಸೋಪು ಹಚ್ಚಿ ತೊಳೆದೇ ಊಟಕ್ಕೆ ಕೂರಿ. ಎಲೆ ಒಣಗಿದ ಮೇಲೆ ಕೆಲಸ ಶುರುಮಾಡ್ತೀವಿ ಅಂದರೆ ಮಾಲೀಕರು ಸುಲಭಕ್ಕೆ ಒಪ್ಪಲಾರರು, ಗೊತ್ತು. ಆದರೆ ಸಂಘದವರು ಒಟ್ಟಾಗಿ ಕೈಗವಸು, ತುಂಬುತೋಳಿನ ಅಂಗಿ ಕೇಳಬಹುದು. ಬಸುರಿಯರು, ಮಕ್ಕಳು ಹಸಿ ಸೊಪ್ಪು ಮುಟ್ಟಲೇಬಾರದು. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ವಾಸಿಯಾಗುತ್ತದೆ. ವಾಂತಿ ನಿಲ್ಲದಿದ್ದರೆ, ಉಸಿರಾಟ ಕಷ್ಟವಾದರೆ ಆಸ್ಪತ್ರೆಗೆ ಹೋಗಿ, ಹೊಗೆಸೊಪ್ಪಿನ ಕೆಲಸ ಮಾಡಿದ್ದನ್ನು ಡಾಕ್ಟರಿಗೆ ಮೊದಲೇ ಹೇಳಿ.